ಕೋಲಾಟಕ್ಕೆ ಕೊರಳು ಬೇಕು



ನಮ್ಮ ಬಡಾವಣೆಯ ರಾಜ್ಯೋತ್ಸವ ಸಮಿತಿಯಿಂದ ನಾನು ಹೊರಬಂದ ಸುದ್ದಿ ನಿಮ್ಮಲ್ಲಿ ಕೆಲವರಿಗೆ ಆಗಲೇ ತಲುಪಿದೆ. ಹಳೆಯ ವಿದ್ಯಾರ್ಥಿಗಳಿಬ್ಬರು ದೂರವಾಣಿ ಮಾಡಿ, “ಸಾರ್, ಈ ವಯಸ್ಸಿನಲ್ಲಿ ಜಗಳ ಏಕೆ ಬೇಕಿತ್ತು?” ಎಂದು ಕಾಳಜಿಯಿಂದ ವಿಚಾರಿಸಿದರು. ಮೈಸೂರಿನಲ್ಲಿರುವ ನನ್ನ ತಂಗಿಯಂತೂ, “ಹಾಡಿಗೋಸ್ಕರ ಯಾರಾದರೂ ರಾಜೀನಾಮೆ ಕೊಡುತ್ತಾರೆಯೇ ಅಣ್ಣ?” ಎಂದು ನಕ್ಕುಬಿಟ್ಟಳು. ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರಿಸುವ ಬದಲು ನನ್ನ ಕಾರಣವನ್ನು ಇಲ್ಲಿಯೇ ಬರೆದುಬಿಡುತ್ತೇನೆ.

ನಡೆದದ್ದು ಇಷ್ಟು. ಜಯನಗರದ ನಮ್ಮ ಭಾಗದಲ್ಲಿ ನವೆಂಬರ್ ತಿಂಗಳ ಒಂದು ಭಾನುವಾರ ಧ್ವಜಾರೋಹಣ, ಸನ್ಮಾನ, ಮಕ್ಕಳ ಕಾರ್ಯಕ್ರಮ, ಕೊನೆಗೆ ಕೋಲಾಟ ನಡೆಯುವುದು ವಾಡಿಕೆ. ಕೋಲಾಟಕ್ಕೆ ಹಾಡಲು ಕನಕಪುರದ ಕಡೆಯ ಹಳ್ಳಿಯೊಂದರಿಂದ ಹಿರಿಯ ಹೆಣ್ಣುಮಗಳೊಬ್ಬರು ಮದ್ದಳೆಯವರನ್ನೂ ತಾಳದವರನ್ನೂ ಕರೆದುಕೊಂಡು ಬಸ್ಸಿನಲ್ಲಿ ಬರುತ್ತಿದ್ದರು. ಈ ಸಲದ ಸಭೆಯಲ್ಲಿ ಖರ್ಚಿನ ಪಟ್ಟಿಯನ್ನು ಓದಿದರು: ಶಾಮಿಯಾನ, ಕುರ್ಚಿ, ಧ್ವನಿವರ್ಧಕ, ಎಲ್‌ಇಡಿ ಪರದೆ, ಹಾರ, ಶಾಲು, ಉಪಾಹಾರ. ಹಾಡುವವರ ಸಂಭಾವನೆಯ ಸಾಲಿನ ಮೇಲೆ ಮಾತ್ರ ಅಡ್ಡಗೆರೆ ಬಿದ್ದಿತ್ತು. ಕೇಳಿದಾಗ ಯುವ ಸದಸ್ಯರೊಬ್ಬರು ಬಹಳ ವಿನಯದಿಂದಲೇ ಹೇಳಿದರು: “ಮೇಷ್ಟ್ರೇ, ಹಾಡೆಲ್ಲ ಪೆನ್ ಡ್ರೈವಿನಲ್ಲಿದೆ. ಐದು ನಿಮಿಷದ ಟ್ರ್ಯಾಕು. ಶ್ರುತಿ ತಪ್ಪುವುದಿಲ್ಲ, ತಾಳ ತಪ್ಪುವುದಿಲ್ಲ, ಊಟ ಹಾಕಬೇಕಾಗಿಯೂ ಇಲ್ಲ.” ಎಲ್ಲರೂ ನಕ್ಕರು. ಆಮೇಲೆ, ಆ ತಾಯಿಗೆ ದೂರವಾಣಿ ಮಾಡಿ ಈ ವರ್ಷ ಬರುವುದು ಬೇಡವೆಂದು ತಿಳಿಸುವ ಕೆಲಸವನ್ನು, ಪರಿಚಯಸ್ಥನೆಂಬ ಕಾರಣಕ್ಕೆ, ನನಗೇ ಒಪ್ಪಿಸಿದರು. ಅದು ನನ್ನಿಂದ ಆಗಲಿಲ್ಲ. ಎದ್ದುಬಂದೆ.

ನನ್ನ ವಾದ ಸರಳವಾದದ್ದು. ಕೋಲಾಟ ಹುಟ್ಟಿದ್ದು ಆಡುವವರ ಸಂತೋಷಕ್ಕಾಗಿ; ನೋಡುವವರು ಆಮೇಲೆ ಬಂದವರು. ಆ ಸಂತೋಷದ ಅರ್ಧ ಆಡುವವರ ಕಾಲಿನಲ್ಲಿದ್ದರೆ ಉಳಿದರ್ಧ ಹತ್ತಿರವೇ ನಿಂತು ಹಾಡುವವರ ಕೊರಳಿನಲ್ಲಿದೆ. ಆ ಕೊರಳನ್ನು ತೆಗೆದುಹಾಕಿದ ಮೇಲೆ ಉಳಿಯುವುದಕ್ಕೆ ಬೇರೆ ಏನಾದರೂ ಹೆಸರಿಡಬಹುದು, ಕೋಲಾಟವೆನ್ನಲು ನನ್ನ ನಾಲಗೆ ಏಳುವುದಿಲ್ಲ.

ಇದು ಭಾವುಕತೆಯ ಮಾತೆಂದು ತಿಳಿಯಬೇಡಿ. ಕೋಲಾಟ ನಡೆಯುವ ಕ್ರಮವನ್ನೇ ನೋಡಿ. ಎಂಟೋ ಹನ್ನೆರಡೋ ಹದಿನಾರೋ ಜನ, ಒಟ್ಟಿನಲ್ಲಿ ಸಮಸಂಖ್ಯೆಯವರು, ವೃತ್ತವಾಗಿ ನಿಲ್ಲುತ್ತಾರೆ. ಒಬ್ಬರು ಹಾಡಿನ ಸಾಲನ್ನು ಎತ್ತಿಕೊಡುತ್ತಾರೆ, ಉಳಿದವರು ಸೊಲ್ಲು ಹಿಡಿಯುತ್ತಾರೆ. ಮೊದಲು ವಿಳಂಬ, ಕೋಲುಗಳು ಒಂದನ್ನೊಂದು ಮುಟ್ಟಿ ನೋಡುವಷ್ಟು ನಿಧಾನ. ಜೊತೆಗಾರರು ಒಬ್ಬರಿಗೊಬ್ಬರು ಹೊಂದಿಕೊಂಡರೆಂದು ಕಂಡಾಗ ಹಾಡುವವರು ನಡೆಯನ್ನು ಒಂದಿಷ್ಟು ಬಿಗಿ ಮಾಡುತ್ತಾರೆ. ಯಾರಾದರೂ ತಡವರಿಸಿದರೆ ಅದೇ ಸಾಲನ್ನು ಮತ್ತೊಮ್ಮೆ ಹಾಡುತ್ತಾರೆ. ಎಲ್ಲರೂ ಹುರುಪುಗೊಂಡಾಗ ಮದ್ದಳೆಯವರ ಕಡೆ ಒಮ್ಮೆ ನೋಡಿದರೆ ಸಾಕು, ಲಯ ದುಪ್ಪಟ್ಟಾಗುತ್ತದೆ. ಅಂದರೆ ಹಾಡುವವರ ಕಣ್ಣು ಕುಣಿಯುವವರ ಕಾಲ ಮೇಲೆ, ಕುಣಿಯುವವರ ಕಿವಿ ಹಾಡುವವರ ಬಾಯಿಯ ಮೇಲೆ. ಪೆನ್ ಡ್ರೈವಿಗೆ ಬಾಯಿಯೇನೋ ಇದೆ, ಕಣ್ಣೆಲ್ಲಿದೆ?

ಜಡೆ ಕೋಲಾಟವನ್ನು ನೋಡಿದವರಿಗೆ ಈ ಮಾತು ಇನ್ನೂ ಬೇಗ ತಿಳಿಯುತ್ತದೆ. ನಡುವೆ ಎತ್ತರದಿಂದ ಬಣ್ಣಬಣ್ಣದ ಹಗ್ಗಗಳನ್ನು ಇಳಿಬಿಟ್ಟಿರುತ್ತಾರೆ. ಒಂದು ಕೈಯಲ್ಲಿ ಹಗ್ಗದ ತುದಿ, ಇನ್ನೊಂದು ಕೈಯಲ್ಲಿ ಕೋಲು. ಒಬ್ಬರ ಒಳಗೆ, ಮತ್ತೊಬ್ಬರ ಹೊರಗೆ ಸುತ್ತುತ್ತ ಹೋದಂತೆ ಮೇಲೆ ಜಡೆ ಹೆಣೆದುಕೊಳ್ಳುತ್ತದೆ. ಅದೇ ವರಸೆಯನ್ನು ತಿರುವುಮುರುವಾಗಿ ನಡೆದಾಗ ಬಿಚ್ಚಿಕೊಳ್ಳುತ್ತದೆ. ಒಬ್ಬರು ಎಡವಿದರೆ ಎಲ್ಲರ ಹಗ್ಗವೂ ಗೋಜಲು. ಜಡೆ ಪೂರ್ತಿ ಬಿಚ್ಚುವ ತನಕ ಹಾಡು ಮುಗಿಯುವಂತಿಲ್ಲ. ಐದನೆಯ ನಿಮಿಷಕ್ಕೆ ಟ್ರ್ಯಾಕು ನಿಂತಾಗ ಅರ್ಧ ಬಿಚ್ಚಿದ ಜಡೆ ಹಿಡಿದು ಮಕ್ಕಳು ಪಿಳಿಪಿಳಿ ಕಣ್ಣು ಬಿಡುತ್ತ ನಿಂತದ್ದನ್ನು ನಾನು ನೋಡಿದ್ದೇನೆ. ಸಭಿಕರು ಚಪ್ಪಾಳೆ ತಟ್ಟಿದರು. ಮಕ್ಕಳ ಮುಖದಲ್ಲಿ ಮಾತ್ರ ನಗುವಿರಲಿಲ್ಲ.

ಇನ್ನೊಂದು ಸಂಗತಿ. ನಮ್ಮ ನಾಡಿನ ಕುಣಿತಗಳಲ್ಲಿ ಕುಣಿಯುವವನೇ ಎಷ್ಟೋ ಸಲ ವಾದ್ಯಗಾರನೂ ಆಗಿರುತ್ತಾನೆ. ಡೊಳ್ಳು ಕುಣಿತದವನ ಕೊರಳಲ್ಲಿ ಡೊಳ್ಳು ತೂಗುತ್ತದೆ. ಮಲೆ ಮಹದೇಶ್ವರನ ಒಕ್ಕಲಿನವರ ಕೈಯ ಕಂಚಿನ ಕಂಸಾಳೆ ತಾಳವೂ ಹೌದು, ಕುಣಿತದ ಜೀವವೂ ಹೌದು. ಕೊಡಗಿನಲ್ಲಿ ಪುತ್ತರಿ ಹಬ್ಬದ ಕೋಲಾಟ ಊರ ಮಂದಿನಲ್ಲಿ ನಡೆಯುತ್ತದೆ. ಅಲ್ಲಿ ಕೊಂಬು ಊದುವವರೂ ಕೊಟ್ಟು ಬಾರಿಸುವವರೂ ದುಡಿ ಹಿಡಿದು ಹಾಡುವವರೂ ಹಬ್ಬದ ಮಂದಿಯೇ ಹೊರತು ಬೇರೆಯವರಲ್ಲ. ನಮ್ಮ ಕೋಲಾಟದ ಕೋಲೂ ಹಾಗೆಯೇ ಒಂದು ವಾದ್ಯ. ಒಣಗಿದ ಗಟ್ಟಿಮರದ ಕೋಲಿನ ಸದ್ದೇ ಬೇರೆ, ಹಸಿಯದರ ಸದ್ದೇ ಬೇರೆ. ಹದಿನಾರು ಜೋಡಿ ಕೋಲು ಒಂದೇ ಕ್ಷಣದಲ್ಲಿ ಕೂಡಿದಾಗ ಏಳುವ ನಾದವನ್ನು ಕೇಳಿ ಮೈ ಜುಮ್ಮೆನ್ನದವರು ಕಡಿಮೆ. ಆಳೆತ್ತರದ ಧ್ವನಿವರ್ಧಕಗಳ ಅಬ್ಬರದಲ್ಲಿ ಈ ಸದ್ದು ಆಡುವವರಿಗೇ ಕೇಳಿಸುವುದಿಲ್ಲ. ಕೇಳಿಸದ ಮೇಲೆ ಕೋಲೇಕೆ? ಬರಿಗೈ ಬೀಸಿದರೂ ಆದೀತು!

ಇಷ್ಟೆಲ್ಲ ಬೋಧಿಸುವ ನಾನು ಈ ವಿಷಯದಲ್ಲಿ ನಿರಪರಾಧಿಯೇನೂ ಅಲ್ಲ. ಅದನ್ನೂ ಹೇಳಿಬಿಡಬೇಕು.

ನಿಮ್ಮಲ್ಲಿ 1980ರ ದಶಕದ ಮೊದಲ ವರ್ಷಗಳಲ್ಲಿ ಓದಿದವರಿಗೆ, ಶಾಲೆಯಲ್ಲಿ ಗಂಟೆ ಬಾರಿಸುತ್ತಿದ್ದ ಹಿರಿಯರ ನೆನಪು ಇದ್ದೇ ಇರುತ್ತದೆ. ಸಂಜೆ ಕೊನೆಯ ಗಂಟೆ ಹೊಡೆದ ಮೇಲೆ ಅವರು ಖಾಕಿ ಅಂಗಿಯ ತೋಳು ಮಡಿಚಿ ಆಟದ ಮೈದಾನಕ್ಕೆ ಬರುತ್ತಿದ್ದರು. ತಲೆಮಾರುಗಳಿಂದ ಬಂದ ಪದಗಳು ಅವರ ಬಾಯಲ್ಲಿ. ವಾರ್ಷಿಕೋತ್ಸವದ ಕೋಲಾಟಕ್ಕೆ ಅವರೇ ಹಾಡುಗಾರರು, ಅವರೇ ಗುರುಗಳು. ಮೇಷ್ಟ್ರಾದ ನಾನು ಬೆಂಚಿನ ಮೇಲೆ ಕುಳಿತ ಮೇಲ್ವಿಚಾರಕ ಮಾತ್ರ. ಆ ತಂಡದಲ್ಲಿ ಏಳನೆಯ ತರಗತಿಯ ಹುಡುಗನೊಬ್ಬನಿದ್ದ. ಬಹಳ ಉತ್ಸಾಹಿ, ಆದರೆ ಪ್ರತಿ ಸುತ್ತಿನಲ್ಲಿಯೂ ಒಂದು ಮಾತ್ರೆ ತಡವಾಗಿ ತಿರುಗುತ್ತಿದ್ದ. ಹಾಡುತ್ತಿದ್ದ ಹಿರಿಯರು ಅದನ್ನು ಎಂದೂ ದೊಡ್ಡದು ಮಾಡಲಿಲ್ಲ. ಆ ಹುಡುಗ ತಿರುಗುವ ಜಾಗ ಬಂದಾಗ ಸಾಲಿನ ಕೊನೆಯ ಅಕ್ಷರವನ್ನು ಒಂದಿಷ್ಟು ಎಳೆಯುತ್ತಿದ್ದರು. ಅಷ್ಟರಲ್ಲಿ ಅವನು ತನ್ನ ಜಾಗ ಸೇರಿರುತ್ತಿದ್ದ. ನೋಡಿದವರಿಗೆ ಅದು ಹಾಡಿನದೇ ಸೊಗಸೆಂದು ತೋರುತ್ತಿತ್ತು.

ಒಂದು ವರ್ಷ ಅಂತರಶಾಲಾ ಸ್ಪರ್ಧೆ ಬಂತು. ಬಹುಮಾನದ ಆಸೆಗೆ ನಾನು ಸಿನಿಮಾ ವಾದ್ಯಗೋಷ್ಠಿಯಿದ್ದ ಕ್ಯಾಸೆಟ್ಟೊಂದನ್ನು ಕೊಂಡುತಂದೆ. ಟೇಪ್ ರೆಕಾರ್ಡರು ಯಾರಿಗೂ ಕಾಯುವುದಿಲ್ಲವಷ್ಟೆ. ಮೂರು ದಿನ ಪ್ರಯತ್ನಿಸಿ ನಾಲ್ಕನೆಯ ದಿನ ಆ ಹುಡುಗನನ್ನು ತಂಡದಿಂದ ಬಿಡಿಸಿ, ಕೋಲುಗಳ ಚೀಲ ಹೊರುವ ಕೆಲಸಕ್ಕೆ ಹಾಕಿದೆ. ಗಂಟೆಯ ಹಿರಿಯರು ಮೈದಾನಕ್ಕೆ ಬರುವುದನ್ನು ತಾವಾಗಿಯೇ ನಿಲ್ಲಿಸಿದರು. ನಮಗೆ ಎರಡನೆಯ ಬಹುಮಾನ ಬಂತು. ಆ ಬಹುಮಾನದ ಬಟ್ಟಲು ಈಗ ಎಲ್ಲಿದೆಯೋ ಕಾಣೆ. ಚೀಲ ಹೊತ್ತು ವೇದಿಕೆಯ ಪಕ್ಕದಲ್ಲಿ ನಿಂತು, ಕ್ಯಾಸೆಟ್ಟಿನ ಹಾಡಿಗೆ ತುಟಿಯಾಡಿಸುತ್ತಿದ್ದ ಆ ಹುಡುಗನ ಮುಖ ಮಾತ್ರ ಹೋಗುವುದಿಲ್ಲ. ಅಂದು ತಪ್ಪಿದ್ದು ಯಂತ್ರವಲ್ಲ, ಮೇಷ್ಟ್ರು.

ಆದರೆ ಆ ತಪ್ಪು ಎಂಥದೆಂದು ನನಗೆ ಸ್ಪಷ್ಟವಾಗಿ ತಿಳಿದದ್ದು ಬಹಳ ವರ್ಷಗಳ ಮೇಲೆ, ಅದೂ ಸಾವಿರಾರು ಮೈಲಿ ದೂರದಲ್ಲಿ. 2012ರ ಬೇಸಿಗೆಯಲ್ಲಿ ಮಗಳ ಮನೆಯಲ್ಲಿರಲು ಇಂಗ್ಲೆಂಡಿಗೆ ಹೋಗಿದ್ದೆವು. ಒಂದು ಶನಿವಾರ ಸಂಜೆ ಮಗಳು ನಮ್ಮಿಬ್ಬರನ್ನೂ ಆ ಪುಟ್ಟ ಊರಿನ ಸಭಾಭವನಕ್ಕೆ ಕರೆದೊಯ್ದಳು. ಒಂದು ಮೂಲೆಯಲ್ಲಿ ಪಿಟೀಲಿನವರೊಬ್ಬರು, ಅಕಾರ್ಡಿಯನ್ನಿನವರೊಬ್ಬರು, ಪಿಯಾನೋದ ಮುಂದೆ ಒಬ್ಬ ಅಜ್ಜಿ. ಅವರ ಪಕ್ಕದಲ್ಲಿ ಹೆಜ್ಜೆಗಳನ್ನು ಕೂಗಿ ಹೇಳುವ ಒಬ್ಬರು. ಅವರಿಗೆ ಅಲ್ಲಿ ‘ಕಾಲರ್’ ಎನ್ನುತ್ತಾರೆ, ಅಂಗಿಯ ಕಾಲರಲ್ಲ. ಅದು ಕಂಟ್ರಿ ಡ್ಯಾನ್ಸ್, ಇಂಗ್ಲಿಷರ ಹಳ್ಳಿಗಾಡಿನಲ್ಲಿಯೂ ಶ್ರೀಮಂತರ ಅಂಗಳದಲ್ಲಿಯೂ ಶತಮಾನಗಳಿಂದ ನಡೆದುಬಂದ ಕುಣಿತ. ಜಾನ್ ಪ್ಲೇಫೋರ್ಡ್ ಎಂಬ ಪ್ರಕಾಶಕ 1651ರಲ್ಲಿಯೇ ಇಂಥ ನೂರಕ್ಕೂ ಹೆಚ್ಚು ಕುಣಿತಗಳ ವರಸೆ ಮತ್ತು ಮಟ್ಟುಗಳನ್ನು ಪುಸ್ತಕವಾಗಿ ಅಚ್ಚು ಹಾಕಿಸಿದ್ದ.

ಎರಡು ಸಾಲು ಎದುರುಬದುರಾಗಿ ನಿಲ್ಲುತ್ತವೆ. ಮಟ್ಟು ಒಂದು ಆವರ್ತ ಮುಗಿದಾಗ ಪ್ರತಿ ಜೋಡಿಯೂ ಒಂದು ಸ್ಥಾನ ಮುಂದೆ ಸರಿಯುತ್ತದೆ. ಹೀಗೆ ಸರಿಯುತ್ತ ಸರಿಯುತ್ತ ಸಾಲಿನಲ್ಲಿದ್ದ ಒಂದೊಂದು ಜೋಡಿಯೂ ನಿಮ್ಮ ಎದುರಿಗೆ ಬಂದುಹೋಗುತ್ತದೆ. ವೈದ್ಯರು, ಅಂಗಡಿಯವರು, ಶಾಲೆಯ ಹುಡುಗಿ, ಊರುಗೋಲನ್ನು ಗೋಡೆಗೆ ಒರಗಿಸಿ ಬಂದ ಮುದುಕರು. ನನ್ನನ್ನೂ ನನ್ನ ಮನೆಯವರನ್ನೂ ಸಾಲಿಗೆ ಎಳೆದೇಬಿಟ್ಟರು. ಸೀರೆ ಉಟ್ಟು ಕೇಡ್ಸ್ ಬೂಟು ಹಾಕಿಕೊಂಡಿದ್ದ ಅವರು ನನಗಿಂತ ಚೆನ್ನಾಗಿ ಹೆಜ್ಜೆ ಹಾಕಿದರೆಂಬುದನ್ನು ಇಲ್ಲಿ ದಾಖಲಿಸದಿದ್ದರೆ ಮನೆಯಲ್ಲಿ ಕಾಫಿ ಸಿಗುವುದಿಲ್ಲ.

ನಾನು ಬಲಕ್ಕೆ ತಿರುಗುವಲ್ಲಿ ಎಡಕ್ಕೆ ತಿರುಗಿ ಯಾರದೋ ಜೋಡಿಯ ನಡುವೆ ಸಿಕ್ಕಿಕೊಂಡೆ. ಹೆಜ್ಜೆ ಹೇಳುವವರು ಮೂಲೆಯ ಕಡೆ ಕೈ ಎತ್ತಿದರು. ಪಿಟೀಲಿನವರು ಅದೇ ತುಣುಕನ್ನು ಮತ್ತೆ ಎತ್ತಿಕೊಂಡರು, ಲಯ ಒಂದು ಎಳೆ ಸಡಿಲಾಯಿತು. ಯಾರೋ ನನ್ನ ಭುಜ ಹಿಡಿದು ತಿರುಗಿಸಿ ನನ್ನ ಜಾಗಕ್ಕೆ ಸೇರಿಸಿದರು. ಇಡೀ ಸಾಲು ನಗುತ್ತಿತ್ತು, ನಾನೂ ನಗುತ್ತಿದ್ದೆ. ಆ ಕ್ಷಣದಲ್ಲಿ ನಮ್ಮ ಗಂಟೆಯ ಹಿರಿಯರು ಎಳೆಯುತ್ತಿದ್ದ ಆ ಕೊನೆಯ ಅಕ್ಷರ ಕಿವಿಯಲ್ಲಿ ಕೇಳಿಸಿತು. ಹೊರದೇಶದ ಪಿಟೀಲುಗಾರರೊಬ್ಬರು ತಪ್ಪಿದ ಮುದುಕನೊಬ್ಬನಿಗಾಗಿ ಕಾದರು. ನಾನು ನನ್ನದೇ ವಿದ್ಯಾರ್ಥಿಗೆ ಕಾಯಲಿಲ್ಲ.

ಇಂಗ್ಲಿಷರನ್ನು ಹೊಗಳಿ ನಮ್ಮವರನ್ನು ತೆಗಳುವ ಹಳೆಯ ಚಾಳಿ ಇದಲ್ಲ. ಅವರೂ ಕಳೆದುಕೊಳ್ಳುವ ಅಂಚಿಗೆ ಹೋಗಿಯೇ ಎಚ್ಚೆತ್ತವರು. 1899ರ ಡಿಸೆಂಬರ್ 26ರಂದು ಆಕ್ಸ್‌ಫರ್ಡ್ ಬಳಿಯ ಹೆಡಿಂಗ್ಟನ್ನಿನಲ್ಲಿ ಸೆಸಿಲ್ ಶಾರ್ಪ್ ಎಂಬ ಸಂಗೀತದ ಮೇಷ್ಟ್ರು ತಾನಿದ್ದ ಮನೆಯ ಮುಂದೆ ಕೆಲವರು ಮಾರಿಸ್ ಎಂಬ ಕುಣಿತ ಕುಣಿಯುವುದನ್ನು ಕಂಡ. ಕೊರೆಯುವ ಚಳಿಯಿಂದ ಕೂಲಿ ನಿಂತುಹೋಗಿ, ನಾಲ್ಕು ಕಾಸು ಸಿಕ್ಕೀತೆಂದು ಕುಣಿಯಲು ಹೊರಟವರು ಅವರು. ಕನ್ಸರ್ಟಿನಾ ನುಡಿಸುತ್ತಿದ್ದವನು ವಿಲಿಯಂ ಕಿಂಬರ್, ಇಟ್ಟಿಗೆ ಕಟ್ಟುವ ಕೆಲಸದವನು. ಶಾರ್ಪ್ ಅವನನ್ನು ಮರುದಿನ ಕರೆಸಿ ಮಟ್ಟುಗಳನ್ನು ಬರೆದುಕೊಂಡ. ಮುಂದೆ 1911ರಲ್ಲಿ ಇಂಗ್ಲಿಷ್ ಜನಪದ ನೃತ್ಯ ಸಂಘವನ್ನು ಕಟ್ಟಿದ. ಅವನ ಹೆಸರಿನ ಭವನವೊಂದು 1930ರಲ್ಲಿ ಲಂಡನ್ನಿನಲ್ಲಿ ತೆರೆಯಿತು. ಶಾರ್ಪ್ ತನ್ನ ಅಭಿರುಚಿಗೆ ತಕ್ಕಂತೆ ಆರಿಸಿಕೊಂಡನೆಂಬ ಟೀಕೆ ವಿದ್ವಾಂಸರಲ್ಲಿದೆ, ಇರಲಿ. ಕುಣಿತವನ್ನು ಗಾಜಿನ ಪೆಟ್ಟಿಗೆಯಲ್ಲಿಡದೆ ಮತ್ತೆ ಜನರ ಕಾಲಿಗೆ ಕೊಟ್ಟ ಪ್ರಯತ್ನ ಅದು.

ನಮ್ಮಲ್ಲಿಯೂ ಅಂಥವರು ಇದ್ದರು. ಆಡಳಿತಾಧಿಕಾರಿಯಾಗಿದ್ದ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, ರಾಮನಗರದ ಬಳಿ ಜಾನಪದ ಲೋಕವನ್ನೇ ಕಟ್ಟಿದರು. ಅಂಕೋಲೆಯ ಹಾಲಕ್ಕಿ ಸಮುದಾಯದ ಸುಕ್ರಿ ಬೊಮ್ಮಗೌಡರ ಕೊರಳಿನಲ್ಲಿದ್ದ ಹಾಡಿನ ಭಂಡಾರಕ್ಕೆ 2017ರಲ್ಲಿ ಪದ್ಮಶ್ರೀ ಬಂತು; 2025ರ ಫೆಬ್ರುವರಿಯಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳೆಲ್ಲ ಕಂಬನಿ ಮಿಡಿದವು. ಸತ್ತ ಮೇಲೆ ಕಂಬನಿ, ಇರುವಾಗ ಅಡ್ಡಗೆರೆ! 2025ರಲ್ಲಿಯೇ ರಾಮನಗರ ಜಿಲ್ಲೆಗೆ ‘ಬೆಂಗಳೂರು ದಕ್ಷಿಣ’ವೆಂದು ಹೆಸರಿಟ್ಟರು. ಹೆಸರಿನಲ್ಲಿ ಜಾನಪದ ಲೋಕವೂ ನಮ್ಮ ದಕ್ಷಿಣ ಬೆಂಗಳೂರಿಗೆ ಬಂದಂತಾಯಿತು. ಹಾಡುವ ಕೊರಳು ಬರುವುದು ಮಾತ್ರ ನಮಗೆ ಬೇಡವಾಗಿದೆ.

ಇನ್ನು ಸಮಿತಿಯ ಮಿತ್ರರ ಆಕ್ಷೇಪಗಳನ್ನು ಒಂದೊಂದಾಗಿ ನೋಡೋಣ.

ಖರ್ಚು ಹೆಚ್ಚೆನ್ನುತ್ತಾರೆ. ಮೂವರ ಸಂಭಾವನೆ, ಬಸ್ಸಿನ ಖರ್ಚು, ಊಟ ಎಲ್ಲ ಸೇರಿದರೂ ಎಲ್‌ಇಡಿ ಪರದೆಯ ಒಂದು ದಿನದ ಬಾಡಿಗೆಯ ಹತ್ತಿರಕ್ಕೂ ಹೋಗುವುದಿಲ್ಲವೆಂಬುದು ಅದೇ ಪಟ್ಟಿಯಲ್ಲಿತ್ತು. ಪರದೆ ಏಕೆ ಬೇಕು? ಹಿಂದಿನ ಸಾಲಿನವರಿಗೆ ಕಾಣಲೆಂದು. ಹಿಂದಿನ ಸಾಲಿನವರ ಕೈಗೇ ಕೋಲು ಕೊಟ್ಟರೆ ಪರದೆಯೂ ಬೇಡ, ಹಿಂದಿನ ಸಾಲೂ ಇರದು.

ಅಚ್ಚುಕಟ್ಟು ಮುಖ್ಯವೆನ್ನುತ್ತಾರೆ. ಸೈನಿಕರ ಕವಾಯತಿಗೆ ಅದು ಮುಖ್ಯ, ಒಪ್ಪುತ್ತೇನೆ. ಹಬ್ಬದ ಕುಣಿತದಲ್ಲಿ ತಪ್ಪು ಸಹಜ, ತಪ್ಪನ್ನು ಸಾವರಿಸಿಕೊಳ್ಳುವುದೇ ಅದರ ಸೊಗಸು. ಅಚ್ಚುಕಟ್ಟಿನ ಹೆಸರಿನಲ್ಲಿ ನಾವು ಮೊದಲು ಕೈಬಿಡುವುದು ಯಾರನ್ನು? ನಿಧಾನದವರನ್ನು, ವಯಸ್ಸಾದವರನ್ನು, ದಪ್ಪಗಿರುವವರನ್ನು, ನಾಚುವವರನ್ನು. ಉಳಿದ ಎಂಟು ಜನ ಚುರುಕಿನವರು ವೇದಿಕೆಯ ಮೇಲೆ, ನಾವೆಲ್ಲ ಕುರ್ಚಿಯ ಮೇಲೆ.

ಯುವಕರಿಗೆ ಹಳೆಯ ಹಾಡು ಹಿಡಿಸದೆನ್ನುತ್ತಾರೆ. ನವರಾತ್ರಿಯ ದಿನಗಳಲ್ಲಿ ಇದೇ ನಗರದಲ್ಲಿ ಹಣ ಕೊಟ್ಟು ಚೀಟಿ ಪಡೆದು ದಾಂಡಿಯಾಕ್ಕೆ ಹೋಗುವ ಯುವಕರೆಷ್ಟು ಮಂದಿ! ಗುಜರಾತಿಗಳ ಗರ್ಬಾಕ್ಕೆ 2023ರಲ್ಲಿ ಯುನೆಸ್ಕೋ ಪಟ್ಟಿಯ ಗೌರವವೂ ದೊರೆಯಿತು. ನನಗೆ ಅದರ ಮೇಲೆ ಪ್ರೀತಿಯೇ ಹೊರತು ಮತ್ಸರವಿಲ್ಲ. ಅಲ್ಲಿಗೆ ಹೋಗುವ ಹುಡುಗರನ್ನು ಎಳೆಯುವುದು ಕೋಲು ಹಿಡಿದು ನೂರು ಜನರ ನಡುವೆ ಸುತ್ತುವ ಸುಖ. ಆ ಸುಖ ನಮ್ಮಲ್ಲಿಯೂ ಇದೆ ಎಂದು ತಿಳಿಸದೆ, ಅವರನ್ನು ಕುರ್ಚಿಯಲ್ಲಿ ಕೂರಿಸಿ ಭಾಷಣ ಕೇಳಿಸಿದವರು ನಾವು.

ಕೊನೆಯದು, ನಗರದಲ್ಲಿ ಹಾಡು ಕುಣಿತವೆಂದರೆ ನೆರೆಹೊರೆಗೆ ಗದ್ದಲವೆಂಬ ಮಾತು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್, ರಾತ್ರಿಯದು 45. ಮನುಷ್ಯನ ಕೊರಳೊಂದು, ಮದ್ದಳೆಯೊಂದು, ತಾಳವೊಂದು ಯಾರ ಕಿಟಕಿಯ ಗಾಜನ್ನೂ ನಡುಗಿಸುವುದಿಲ್ಲ, ನಡುಗಿಸುವುದು ಪೆಟ್ಟಿಗೆ. ಗದ್ದಲದ ಭಯವಿರುವವರು ಮೊದಲು ಪೆನ್ ಡ್ರೈವನ್ನೇ ದೂರವಿಡಬೇಕು.

ನಮ್ಮ ಜಯನಗರ 1948ರಲ್ಲಿ ಹುಟ್ಟಿದ ಯೋಜಿತ ಬಡಾವಣೆ. ಅದಕ್ಕೆ ಮೊದಲು ಈ ಸುತ್ತಿನಲ್ಲಿ ಯಡಿಯೂರು, ಸಿದ್ದಾಪುರ, ಬೈರಸಂದ್ರ, ಸಾರಕ್ಕಿ, ಕತ್ತರಿಗುಪ್ಪೆಗಳೆಂಬ ಹಳ್ಳಿಗಳಿದ್ದವು. ಆ ಹೆಸರುಗಳು ಈಗ ಬಸ್ಸಿನ ಹಣೆಯ ಮೇಲೆ ಉಳಿದಿವೆ. ಬಡಾವಣೆಯವರಾದ ನಮಗೆ ಅಡ್ಡರಸ್ತೆ, ಮುಖ್ಯರಸ್ತೆಗಳು ಸಿಕ್ಕವು, ಉದ್ಯಾನ ಸಿಕ್ಕಿತು. ಎಲ್ಲರೂ ಸೇರಿ ಹೆಜ್ಜೆ ಹಾಕುವ ಬಯಲು ಸಿಗಲಿಲ್ಲ. ಎದುರು ಮನೆಯವರ ಹೆಸರು ತಿಳಿಯದೆ ಇಪ್ಪತ್ತು ವರ್ಷ ಕಳೆದವರು ನಮ್ಮ ರಸ್ತೆಯಲ್ಲಿಯೇ ಇದ್ದಾರೆ. ವೃತ್ತದಲ್ಲಿ ನಿಂತು ಎದುರಿನವರ ಕೋಲಿಗೆ ಕೋಲು ತಾಗಿಸಬೇಕಾದರೆ ಅವರ ಮುಖ ನೋಡಲೇಬೇಕು. ಹಾಗೆಂದು ಎಲ್ಲವೂ ಮುಳುಗಿಹೋಗಿಲ್ಲ. ಬನಶಂಕರಿಯಲ್ಲಿಯೂ ಜೆ.ಪಿ. ನಗರದಲ್ಲಿಯೂ ಭಜನಾ ಮಂಡಳಿಯ ಹೆಂಗಸರು ದೇವರನಾಮವನ್ನು ತಾವೇ ಹಾಡಿಕೊಂಡು, ತಾವೇ ಕೋಲು ಹಾಕುವುದನ್ನು ಕಂಡಿದ್ದೇನೆ. ಅರವತ್ತು ದಾಟಿದ ಆ ತಾಯಂದಿರಿಗೆ ಪರದೆಯೂ ಬೇಕಾಗಿಲ್ಲ, ಟ್ರ್ಯಾಕೂ ಬೇಕಾಗಿಲ್ಲ. ಸಮಿತಿಯವರು ಒಂದು ಸಂಜೆ ಅಲ್ಲಿಗೆ ಹೋಗಿ ನಿಂತು ನೋಡಲಿ.

ಟೀಕಿಸಿ ಸುಮ್ಮನಿರುವವನು ನಾನಲ್ಲವೆಂದು ನಿಮಗೆ ಗೊತ್ತು. ಕನಕಪುರದ ಆ ತಾಯಿಗೆ ನಾನು ದೂರವಾಣಿ ಮಾಡಿದೆ. ಬರಬೇಡಿ ಎನ್ನಲಿಕ್ಕಲ್ಲ, ಬನ್ನಿ ಎನ್ನಲಿಕ್ಕೆ. ನವೆಂಬರ್ ತಿಂಗಳ ಕೊನೆಯ ಭಾನುವಾರ ಸಂಜೆ ನಾಲ್ಕು ಗಂಟೆಗೆ, ಉದ್ಯಾನದಲ್ಲಿ ಅನುಮತಿ ದೊರೆತರೆ ಅಲ್ಲಿ, ಇಲ್ಲವಾದರೆ ನಮ್ಮ ಮನೆಯ ತಾರಸಿಯಲ್ಲಿ ಕೋಲಾಟ. ವೇದಿಕೆಯಿಲ್ಲ, ಮೈಕಿಲ್ಲ, ಹಾರವಿಲ್ಲ. ಹದಿನಾರು ಜೋಡಿ ಕೋಲು ತಂದಿಟ್ಟಿದ್ದೇನೆ. ನೋಡಲು ಮಾತ್ರ ಬರುವವರಿಗೆ ಕುರ್ಚಿ ಹಾಕುವುದಿಲ್ಲ. ಮಂಡಿನೋವಿನವರು ನಡುವೆ ಕುಳಿತು ಸೊಲ್ಲು ಹಿಡಿಯಬಹುದು. ಆಟ ಮುಗಿದ ಮೇಲೆ ಉಪ್ಪಿಟ್ಟು, ಕಾಫಿ.

ಒಂದು ಮಾತ್ರೆ ತಡವಾಗಿ ತಿರುಗುತ್ತಿದ್ದ ಆ ಹುಡುಗ ಈಗ ಐವತ್ತು ದಾಟಿರಬೇಕು. ಎಲ್ಲಿದ್ದಾನೋ ತಿಳಿಯದು. ಇದನ್ನು ಓದುತ್ತಿದ್ದರೆ ಅವನೂ ಬರಲಿ, ಮೊದಲ ಜೋಡಿ ಕೋಲು ಅವನಿಗೆಂದೇ ತೆಗೆದಿಟ್ಟಿದ್ದೇನೆ. ಎದುರು ಜೊತೆಗಾರನಾಗಿ ನಾನು ನಿಲ್ಲುತ್ತೇನೆ. ಈಗ ನಾನು ಅವನಿಗಿಂತಲೂ ಎರಡು ಮಾತ್ರೆ ತಡ. ಹಾಡುವ ತಾಯಿ ಇಬ್ಬರಿಗೂ ಕಾಯುತ್ತಾರೆ.